ಇರುವೆ ಸಹಿಯ ಹಿಂದೆ ನಾಲ್ಕು ದಿನ

ನಮ್ಮ ಡ್ರಾಯಿಂಗ್ ಮೇಷ್ಟ್ರು ಬರೆದ ಚಿತ್ರಗಳು ನನ್ನ ಹತ್ತಿರ 31 ಇವೆ. ಅದರಲ್ಲಿ 19 ಬರೀ ಜೆರಾಕ್ಸು. ಎರಡು ನನ್ನದೇ ಎಂಟನೇ ಕ್ಲಾಸಿನ ನೋಟ್‌ಬುಕ್ಕಿನ ರಟ್ಟಿನ ಮೇಲೆ ಅವರು ಗೀಚಿದ್ದು. ಒಂದರಲ್ಲಿ ನನ್ನ ಮುಖ ಇದೆ. ಇನ್ನೊಂದರಲ್ಲೂ ನನ್ನ ಮುಖವೇ, ಮೈ ಮಾತ್ರ ಕತ್ತೆಯದ್ದು.

ಮೇಷ್ಟ್ರು ಹಾಸನದಲ್ಲಿ ಹೈಸ್ಕೂಲ್ ಮಕ್ಕಳಿಗೆ ಹೂಜಿ, ಬಾಳೆಹಣ್ಣು ಬರೆಯೋದು ಕಲಿಸುತ್ತಿದ್ದರು. ಸಂಜೆ ಅಂಗಡಿ ಬೋರ್ಡ್ ಬರೆಯುತ್ತಿದ್ದರು. ರಾತ್ರಿ ಜಿಲ್ಲೆಯ ಸಣ್ಣಪುಟ್ಟ ವಾರಪತ್ರಿಕೆಗಳಿಗೆ ವ್ಯಂಗ್ಯಚಿತ್ರ. ಭೂಸುಧಾರಣೆ, ತುರ್ತು ಪರಿಸ್ಥಿತಿ, ಅಣೆಕಟ್ಟು, ಆಲೂಗಡ್ಡೆ ಮಂಡಿ, ತೋಟದ ಕೂಲಿ, ಯಾವುದನ್ನೂ ಬಿಟ್ಟವರಲ್ಲ. ಆದರೆ ಎಲ್ಲೂ ಹೆಸರು ಹಾಕಲಿಲ್ಲ. 'ಸರ್ಕಾರಿ ಸಂಬಳ ತಿನ್ನೋನು ಸರ್ಕಾರನ ಬೈದು ಸಹಿ ಮಾಡಿದ್ರೆ ಅನ್ನ ಹೋಗುತ್ತೆ' ಅನ್ನುತ್ತಿದ್ದರು. ಸಹಿಯ ಬದಲು ಚಿತ್ರದ ಒಂದು ಮೂಲೆಯಲ್ಲಿ ಒಂದು ಇರುವೆ ಇರುತ್ತಿತ್ತು. ಅಕ್ಕಿಕಾಳಿಗಿಂತ ಚಿಕ್ಕದು. ಅದು ಸಿಕ್ಕಿದರೆ ಮೇಷ್ಟ್ರದ್ದು, ಇಲ್ಲದಿದ್ದರೆ ಬೇರೆಯವರದ್ದು.

ಅವರು ತೀರಿಕೊಂಡು 16 ವರ್ಷ ಆಯಿತು. ಒಂದೇ ಒಂದು ಪ್ರದರ್ಶನ ಮಾಡಲಿಲ್ಲ. ಬರೆದದ್ದೆಲ್ಲ ಕೊಟ್ಟುಬಿಟ್ಟರು. ಯಾರ ಮನೆಯಲ್ಲಿ ಏನಿದೆ ಅಂತ ಅವರಿವರ ಬಾಯಿಂದ ಕೇಳಿ ಕೇಳಿ ನಾನೊಂದು ಪಟ್ಟಿ ಮಾಡಿಕೊಂಡಿದ್ದೆ. ಫೆಬ್ರವರಿ ಕೊನೆಯಲ್ಲಿ ನಾಲ್ಕು ದಿನ ರಜೆ ಹಾಕಿ, ಭಾವನ ಓಮ್ನಿಯಲ್ಲಿ ಹೊರಟೆ. ಭಾವ ಕೆಎಸ್‌ಆರ್‌ಟಿಸಿಯಲ್ಲಿ ಡ್ರೈವರ್ ಆಗಿ ರಿಟೈರ್ ಆದವರು. ಚಿತ್ರಕಲೆ ಅಂದರೆ ಅವರಿಗೆ ಕ್ಯಾಲೆಂಡರ್. ಆದರೆ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಅವರಿಗೆ ಗೊತ್ತಿಲ್ಲದ ತಿರುವಿಲ್ಲ, ಗೊತ್ತಿಲ್ಲದ ಹೋಟೆಲ್ ಇಲ್ಲ.

ಮೊದಲ ದಿನ: ಹಾಸನ

ಮೈಸೂರಿನಿಂದ ಬೆಳಿಗ್ಗೆ ಆರಕ್ಕೆ ಬಿಟ್ಟು, ಹೊಳೆನರಸೀಪುರದಲ್ಲಿ ಇಡ್ಲಿ ತಿಂದು, ಹಾಸನ ಮುಟ್ಟಿದಾಗ ಒಂಬತ್ತೂವರೆ. ಕಟ್ಟಿನಕೆರೆ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಒಂದು ಹಳೇ ಪ್ರೆಸ್ ಇದೆ. ಈಗ ಹೆಸರಿಗೆ ಮಾತ್ರ ಪ್ರೆಸ್. ಮುಂದಿನ ರೂಮಿನಲ್ಲಿ ಎರಡು ಕಂಪ್ಯೂಟರ್, ಮದುವೆ ಕಾರ್ಡು, ಫ್ಲೆಕ್ಸು. ಹಿಂದಿನ ರೂಮಿನಲ್ಲಿ ಮಾಲೀಕರ ಅಪ್ಪ ಒಬ್ಬರು ಕುರ್ಚಿಯ ಮೇಲೆ. ವಯಸ್ಸು ಎಂಬತ್ತರ ಮೇಲೆ. ಅಕ್ಷರದ ಅಚ್ಚುಮೊಳೆ ಜೋಡಿಸಿ ಜೋಡಿಸಿ ಬಲಗೈ ಬೆರಳುಗಳು ಒಳಕ್ಕೆ ಬಾಗಿವೆ.

"ಟ್ರೆಡಲ್ ಮೆಷಿನ್ ಗುಜರಿಗೆ ಹೋಯ್ತು. ಮೊಳೆ ಕೇಜಿ ಲೆಕ್ಕದಲ್ಲಿ ಹೋಯ್ತು. ಬ್ಲಾಕೂ ಹೋದ್ವು. ಕೆಳಗಿನ ಡ್ರಾಯರ್‌ನಲ್ಲಿ ಒಂದಿಷ್ಟು ಇರಬೇಕು, ನೋಡಿ" ಅಂದರು.

ಡ್ರಾಯರ್ ಎಳೆದರೆ ಜಿರಳೆ ಹಿಕ್ಕೆ, ರಬ್ಬರ್ ಸ್ಟ್ಯಾಂಪು, ಗಣಪತಿ ಬ್ಲಾಕು ಆರು, ಲಗ್ನಪತ್ರಿಕೆಯ ಬಾಳೆಕಂಬ. ತಳದಲ್ಲಿ ಪೇಪರ್ ಸುತ್ತಿದ ನಾಲ್ಕು ತುಂಡುಗಳಿದ್ದವು. ಮೊದಲನೆಯದನ್ನು ಬಿಚ್ಚಿ ಬಾಗಿಲ ಬೆಳಕಿಗೆ ಓರೆಯಾಗಿ ಹಿಡಿದೆ. ಸತುವಿನ ತಗಡು, ಅಡಿಯಲ್ಲಿ ಮರ, ನಾಲ್ಕು ಸಣ್ಣ ಮೊಳೆ ಹೊಡೆದು ಕೂರಿಸಿದ್ದು. ಅಕ್ಷರ ಎಲ್ಲ ಉಲ್ಟಾ. ಬಲಗಡೆಯ ಕೆಳಮೂಲೆಯಲ್ಲಿ ಬೆರಳಾಡಿಸಿದೆ. ಕಣ್ಣಿಗಿಂತ ಮೊದಲು ಬೆರಳಿಗೇ ಸಿಕ್ಕಿತು ಇರುವೆ.

ಈಗಿನವರಿಗೆ ಬ್ಲಾಕ್ ಅಂದರೆ ಗೊತ್ತಾಗಲ್ಲ. ಮೇಷ್ಟ್ರು ಇಂಡಿಯನ್ ಇಂಕ್‌ನಲ್ಲಿ ಬರೆದ ಚಿತ್ರವನ್ನು ಫೋಟೋ ತೆಗೆದು, ಅದನ್ನು ಸತುವಿನ ತಗಡಿನ ಮೇಲೆ ಇಳಿಸಿ, ಆಸಿಡ್‌ನಲ್ಲಿ ಅದ್ದುತ್ತಿದ್ದರು. ಗೆರೆ ಇಲ್ಲದ ಜಾಗವನ್ನು ಆಸಿಡ್ ತಿನ್ನುತ್ತದೆ. ಗೆರೆ ಮಾತ್ರ ಉಬ್ಬಿ ನಿಲ್ಲುತ್ತದೆ. ಅದಕ್ಕೆ ಮರ ಕಟ್ಟಿ, ಅಚ್ಚುಮೊಳೆಯ ಎತ್ತರಕ್ಕೆ ತಂದು, ಅಕ್ಷರಗಳ ಜೊತೆಗೇ ಕೂರಿಸಿ ಅಚ್ಚು ಹಾಕೋದು. ಆ ಕೆಲಸ ಹಾಸನದಲ್ಲಿ ಆಗುತ್ತಿರಲಿಲ್ಲವಂತೆ, ಬೆಂಗಳೂರಿಗೆ ಬಸ್ಸಿನಲ್ಲಿ ಕಳಿಸುತ್ತಿದ್ದರಂತೆ.

"ಚದರ ಇಂಚಿನ ಲೆಕ್ಕದಲ್ಲಿ ದುಡ್ಡು ಸ್ವಾಮಿ. ಅದಕ್ಕೇ ನಿಮ್ಮ ಮೇಷ್ಟ್ರಿಗೆ ಹೇಳ್ತಿದ್ದೆ, ಚಿಕ್ಕದಾಗಿ ಬರೀರಿ ಅಂತ."

ನಾನು ಇಷ್ಟು ವರ್ಷ ಮೇಷ್ಟ್ರ ಕಾರ್ಟೂನ್‌ಗಳು ಬೆಂಕಿಪೊಟ್ಟಣದಷ್ಟೇ ಇರುವುದಕ್ಕೆ ಏನೇನೋ ದೊಡ್ಡ ಕಾರಣ ಯೋಚಿಸಿದ್ದೆ. ಒಂದು ಲೇಖನವನ್ನೂ ಶುರು ಮಾಡಿದ್ದೆ, ಮಿತವ್ಯಯದ ಸೌಂದರ್ಯ ಅಂತೆಲ್ಲ. ಪುಣ್ಯಕ್ಕೆ ಮುಗಿಸಿರಲಿಲ್ಲ.

ಅಚ್ಚು ತೆಗೆದು ನೋಡೋಣ ಅಂದರು ಅಜ್ಜ. ಮೊಮ್ಮಗ ಎಲ್ಲಿಂದಲೋ ಶಾಯಿಯ ಡಬ್ಬಿ ಹುಡುಕಿ ತಂದ. ಮೇಲೆ ಗಟ್ಟಿ ಕೆನೆ ಕಟ್ಟಿತ್ತು. ಚಾಕುವಿನಿಂದ ಕೆನೆ ತೆಗೆದು, ಗಾಜಿನ ಮೇಲೆ ಶಾಯಿ ಹರಡಿ, ಬಟ್ಟೆಯ ಉಂಡೆಯಿಂದ ಬ್ಲಾಕಿಗೆ ತಟ್ಟಿದೆವು. ಜಾಸ್ತಿಯಾದರೆ ಗೆರೆಗಳ ನಡುವೆ ತುಂಬಿಕೊಳ್ಳುತ್ತೆ, ಕಮ್ಮಿಯಾದರೆ ಬೆಳ್ಳಗೆ ಬಿಟ್ಟುಹೋಗುತ್ತೆ. ಮೇಲೆ ತೆಳು ಹಾಳೆ ಇಟ್ಟು ಚಮಚದ ಬೆನ್ನಿನಿಂದ ಉಜ್ಜಬೇಕು. ಭಾವನೇ ಉಜ್ಜಿದರು. ಮೂರು ಹಾಳೆ ಹಾಳಾದವು. ನಾಲ್ಕನೆಯದನ್ನು ಒಂದು ಮೂಲೆಯಿಂದ ಮೆಲ್ಲಗೆ ಎತ್ತಿದಾಗ ಚಿತ್ರ ನೆಟ್ಟಗೆ ನಮ್ಮ ಕಡೆ ತಿರುಗಿತ್ತು.

ಒಬ್ಬ ಗೇಣಿದಾರ, ಕೈಯಲ್ಲಿ ಫಾರಂ ನಂ. 7. ಎದುರಿಗೆ ಗದ್ದೆಯ ತುಂಬ ಕಾಫಿ ಸಸಿ. ಸಸಿಗಳಿಗೆ ನರ್ಸರಿಯ ಪ್ಲಾಸ್ಟಿಕ್ ತೊಟ್ಟೆಯನ್ನೂ ಬಿಚ್ಚಿಲ್ಲ. ಪಕ್ಕದಲ್ಲಿ ಕೊಡೆ ಹಿಡಿದ ಒಡೆಯರು ಹೇಳುತ್ತಾರೆ: 'ಗದ್ದೆಯಾ? ಕಣ್ಣು ತೋರಿಸ್ಕೊ. ಇದು ನಮ್ಮಜ್ಜನ ಕಾಲದ ಕಾಫಿ ತೋಟ!'

ಭಾವನಿಗೆ ಅರ್ಥವಾಗಲಿಲ್ಲ. ಅಜ್ಜ ಹೇಳಿದರು. 1974ರಲ್ಲಿ ದೇವರಾಜ ಅರಸರ ಭೂಸುಧಾರಣೆ ಬಂತಲ್ಲ, ಉಳುವವನೇ ಹೊಲದೊಡೆಯ ಅಂತ. ಗೇಣಿಗೆ ಮಾಡುತ್ತಿದ್ದವನು ಫಾರಂ ನಂ. 7 ತುಂಬಿ ಟ್ರಿಬ್ಯುನಲ್ಲಿಗೆ ಕೊಡಬೇಕಿತ್ತು. ಆದರೆ ಕಾಫಿ, ಏಲಕ್ಕಿ, ಟೀ ತೋಟಗಳಿಗೆ ಆ ಕಾನೂನಿನಿಂದ ವಿನಾಯಿತಿ. ಇಷ್ಟು ತಿಳಿದರೆ ಸಸಿಯ ತೊಟ್ಟೆ ಯಾಕೆ ಬಿಚ್ಚಿಲ್ಲ ಅಂತ ತಾನೇ ತಿಳಿಯುತ್ತೆ. ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ನಕ್ಕರು.

ಎರಡನೇ ಬ್ಲಾಕ್ ಆಲೂಗಡ್ಡೆ ಮಂಡಿಯದ್ದು. ದೈತ್ಯ ಗಾತ್ರದ ದಲ್ಲಾಳಿ ಬಾಯಿ ತೆರೆದು ಕೂತಿದ್ದಾನೆ, ನಾಲಿಗೆ ಹಲಗೆಯಾಗಿ ನೆಲಕ್ಕೆ ಚಾಚಿದೆ. ಅದರ ಮೇಲೆ ರೈತರು ಮೂಟೆ ಹೊತ್ತು ಸಾಲಾಗಿ ಹತ್ತುತ್ತಿದ್ದಾರೆ. ನೋಡಿದ ಕೂಡಲೇ ನನಗೆ ನಗು ಬಂತು. ಇದು ಫ್ರಾನ್ಸಿನ ವ್ಯಂಗ್ಯಚಿತ್ರಕಾರ ಓನೋರೆ ಡೊಮಿಯೆಯಿಂದ ಎತ್ತಿದ್ದು. ಆತ ರಾಜ ಲೂಯಿ ಫಿಲಿಪ್‌ನನ್ನು ಗಾರ್ಗಾಂಟುವಾ ಅನ್ನೋ ಹೊಟ್ಟೆಬಾಕನ ಹಾಗೆ ಬರೆದು, ಬಡವರ ದುಡ್ಡು ಬುಟ್ಟಿಬುಟ್ಟಿಯಾಗಿ ಅವನ ಬಾಯಿಗೆ ಹೋಗೋದನ್ನು ತೋರಿಸಿದ್ದ. ಅದಕ್ಕೆ 1832ರಲ್ಲಿ ಆರು ತಿಂಗಳ ಶಿಕ್ಷೆಯಾಗಿ ಜೈಲಿಗೆ ಹೋದ. ಬಿಡುಗಡೆಯಾದ ಮೇಲೂ ಬಿಡಲಿಲ್ಲ. ಸಾಯುವುದರೊಳಗೆ ಕಲ್ಲಚ್ಚಿನ ಚಿತ್ರಗಳನ್ನೇ ಸುಮಾರು 4000 ಮಾಡಿದ. ಡೊಮಿಯೆಯ ಚಿತ್ರ ಕೂಡಿಡುವವರು ಹಾಳೆಯ ಹಿಂಭಾಗ ತಿರುಗಿಸಿ ನೋಡುತ್ತಾರೆ. ಹಿಂದೆ ಸುದ್ದಿ ಅಚ್ಚಾಗಿದ್ದರೆ ಅದು ಪತ್ರಿಕೆಯಿಂದ ಕತ್ತರಿಸಿದ್ದು, ಬಿಳಿಯಾಗಿದ್ದರೆ ಬೇರೆಯಾಗಿ ಒಳ್ಳೆ ಕಾಗದದ ಮೇಲೆ ತೆಗೆದದ್ದು. ಬಿಳಿಯದಕ್ಕೆ ಬೆಲೆ ಜಾಸ್ತಿ. ನನಗೋ ಹಿಂಭಾಗದಲ್ಲಿ ಸುದ್ದಿ ಇರೋದೇ ಇಷ್ಟ. ಮೇಷ್ಟ್ರ ಒಂದು ಕಾರ್ಟೂನಿನ ಬೆನ್ನಿಗೆ 'ಎಮ್ಮೆ ಕಳೆದಿದೆ' ಅನ್ನೋ ಜಾಹೀರಾತು ಇದೆ. ಅದಿಲ್ಲದೆ ಆ ಚಿತ್ರ ಪೂರ್ತಿ ಅಲ್ಲ ಅಂತ ನನ್ನ ಲೆಕ್ಕ.

ಮೂರನೆಯದು ಸವೆದುಹೋಗಿತ್ತು. ನಾಲ್ಕನೆಯದನ್ನು ಅಜ್ಜ ಕೊಡಲಿಲ್ಲ. ಅದು ತುರ್ತು ಪರಿಸ್ಥಿತಿಯ ಕಾಲದ್ದು. ಒಬ್ಬ ಕಾಲ ಮೇಲೆ ಕಾಲು ಹಾಕಿ ಪೇಪರ್ ಓದುತ್ತಿದ್ದಾನೆ. ಪೇಪರಿನಲ್ಲಿ ಒಂದಕ್ಷರವೂ ಇಲ್ಲ. ಹೆಂಡತಿ ಕೇಳುತ್ತಾಳೆ, 'ಏನಂತೆ ಸಮಾಚಾರ?' 'ಎಲ್ಲ ಸೌಖ್ಯವಂತೆ.' 1975ರ ಜೂನ್ ಕೊನೆಯಲ್ಲಿ ಇಂಡಿಯನ್ ಎಕ್ಸ್‌ಪ್ರೆಸ್ ಸೆನ್ಸಾರ್ ವಿರೋಧಿಸಿ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟಿತ್ತು. ಅದೇ ವರ್ಷ ಆಗಸ್ಟ್‌ನಲ್ಲಿ ವ್ಯಂಗ್ಯಚಿತ್ರಕಾರ ಶಂಕರ್ ತಮ್ಮ 'ಶಂಕರ್ಸ್ ವೀಕ್ಲಿ'ಯನ್ನು ನಿಲ್ಲಿಸಿಬಿಟ್ಟರು. ಇಲ್ಲಿ ಹಾಸನದ ಗಲ್ಲಿಯಲ್ಲಿ ಇದು ನಡೆದಿದೆ. ಪೊಲೀಸರು ಬಂದು ಬರೆದೋರು ಯಾರು ಅಂತ ಕೇಳಿದರಂತೆ. "ಇಗೋ ಇರುವೆ, ಹಿಡ್ಕೊಂಡು ಹೋಗಿ ಅಂದೆ" ಅಂದರು ಅಜ್ಜ. ಈ ಕಥೆಯಲ್ಲಿ ಎಷ್ಟು ನಿಜವೋ, 50 ವರ್ಷದಲ್ಲಿ ಎಷ್ಟು ಸೇರಿತೋ. ಬ್ಲಾಕನ್ನು ಮಾತ್ರ ಅವರು ಜುಬ್ಬದ ಜೇಬಿಗೆ ಹಾಕಿಕೊಂಡರು.

ಉಳಿದ ಮೂರಕ್ಕೆ ದುಡ್ಡು ಬೇಡ ಅಂದರು. "ಗುಜರಿಯವನು ಕೇಜಿಗೆ ಎಷ್ಟು ಕೊಡ್ತಾನೋ ಅಷ್ಟು ಕೊಡಿ" ಅಂತ ಮೊಮ್ಮಗ ಹೇಳಿದ. ತೂಕ ಹಾಕಿದರೆ ಅರ್ಧ ಕೇಜಿಯೂ ಇಲ್ಲ. ಅಜ್ಜನ ಕೈಗೆ ಎರಡು ಸಾವಿರ ಹಿಡಿಸಿ ಓಡಿಬಂದೆ.

ಮಧ್ಯಾಹ್ನ ಮೇಷ್ಟ್ರು ಕೆಲಸ ಮಾಡಿದ ಒಂದು ಶಾಲೆಗೆ ಹೋದೆವು. ಅದರ ಕಾಂಪೌಂಡ್ ಒಳಗೋಡೆಗೆ ಅವರು ಮಕ್ಕಳಿಂದಲೇ ಬರೆಸಿದ 40 ಅಡಿಯ ಚಿತ್ರ ಇತ್ತು. ಹಾಸನದ ಸಂತೆಯದ್ದು. ಈಗ ಅಲ್ಲಿ ಬಿಳೀ ಡಿಸ್ಟೆಂಪರ್, ಮೇಲೆ ಕೈ ತೊಳೆಯುವ ವಿಧಾನ. ಹೊಸ ಹೆಡ್‌ಮಾಸ್ಟರಿಗೆ ಗೊತ್ತೇ ಇರಲಿಲ್ಲ, ಅವರನ್ನು ಅಂದು ಏನು ಪ್ರಯೋಜನ. ಒಂದು ಕಡೆ ಬಣ್ಣ ಎದ್ದು ಬಂದಿತ್ತು. ಉಗುರಿನಿಂದ ಸ್ವಲ್ಪ ಕೆರೆದೆ. ಅರಿಶಿನ ಬಣ್ಣದ ಸೀರೆಯ ಅಂಚು ಕಂಡಿತು. ಅಷ್ಟಕ್ಕೆ ಬೆಲ್ ಹೊಡೆಯಿತು.

ಎರಡನೇ ದಿನ: ಶೆಟ್ಟಿಹಳ್ಳಿ, ಗೊರೂರು

ಹಾಸನದಿಂದ ಶೆಟ್ಟಿಹಳ್ಳಿಗೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್. ಮುಳುಗೋ ಚರ್ಚ್ ಎಲ್ಲರಿಗೂ ಗೊತ್ತು. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ ಪ್ರತಿ ಮಳೆಗಾಲದಲ್ಲೂ ನೀರೊಳಗೆ ಹೋಗಿ, ಬೇಸಿಗೆಗೆ ಈಚೆ ಬರುತ್ತದೆ. ನಾವು ಹೋದಾಗ ಮದುವೆ ಫೋಟೋ ತೆಗೆಸುವ ಮೂರು ಜೋಡಿ ಕಮಾನುಗಳಿಗೆ ಸರದಿ ಕಾಯುತ್ತಿದ್ದವು. ಡ್ರೋನು ಜೇನಿನ ಹಾಗೆ ಗುಂಯ್ ಅನ್ನುತ್ತಿತ್ತು. ಚರ್ಚಿನ ಫೋಟೋ ಲಕ್ಷ ಇರಬಹುದು. ಅದರ ಸುತ್ತ ಇದ್ದ ಊರುಗಳ ಫೋಟೋ ಒಂದೂ ಸಿಗೋದಿಲ್ಲ, ಅಲ್ವಾ?

ಒಂದು ಚಿತ್ರ ಇದೆ. ಅದಕ್ಕೇ ಬಂದಿದ್ದು.

ಗೊರೂರಿನ ಆಚೆ, ಮುಳುಗಡೆಯಾದವರನ್ನು ಎಬ್ಬಿಸಿ ಕೂರಿಸಿದ ಒಂದು ಊರು. ನೇರ ರಸ್ತೆಗಳು, ಒಂದೇ ಅಳತೆಯ ಸೈಟುಗಳು. ಅಂಗಳದಲ್ಲಿ ರಾಗಿ ಒಣಗಿಸುತ್ತಿದ್ದ ಅಜ್ಜಿ ನಮ್ಮನ್ನು ನೋಡಿ ಮೊದಲು ಕೇಳಿದ್ದು, "ಪರಿಹಾರದ ಕಡೆಯೋರಾ?" ಇನ್ನೂ ಆ ಪ್ರಶ್ನೆ ಮುಗಿದಿಲ್ಲ. ಅಣೆಕಟ್ಟಿನ ಕೆಲಸ ಮುಗಿದದ್ದು 1979ರಲ್ಲಿ.

ಮೇಷ್ಟ್ರ ಹೆಸರು ಹೇಳಿದ ಮೇಲೆ ಒಳಗೆ ಕರೆದರು. ನಡುಮನೆಯಲ್ಲಿ, ದೇವರ ಪಟಗಳ ಪಕ್ಕ, ಕಿಟಕಿ ಬಾಗಿಲಿನಷ್ಟು ದೊಡ್ಡ ಹಾರ್ಡ್‌ಬೋರ್ಡ್. ಬೋರ್ಡ್ ಬರೆಯಲು ತರುತ್ತಿದ್ದ ಎನಾಮಲ್ ಪೇಂಟಿನಲ್ಲೇ ಬರೆದದ್ದು. ಅದಕ್ಕೇ ಬಣ್ಣ ಇನ್ನೂ ಫಳಫಳ. ಒಂದು ಊರು, ಎತ್ತರದಿಂದ ನೋಡಿದ ಹಾಗೆ. ಜನ ಮನೆ ಬಿಚ್ಚುತ್ತಿದ್ದಾರೆ. ಒಬ್ಬ ಬಾಗಿಲು ಹೊತ್ತಿದ್ದಾನೆ, ಬಾಗಿಲಿಗೆ ಇನ್ನೂ ತೋರಣ ಇದೆ. ಹೆಂಗಸರು ಹೆಂಚು ಸಾಗಿಸುತ್ತಿದ್ದಾರೆ. ಇಬ್ಬರು ಗಂಡಸರು ಒಳಕಲ್ಲು ಕೀಳಲು ಹಾರೆ ಹಾಕಿದ್ದಾರೆ. ಒಬ್ಬ ಹುಡುಗ ತುಳಸಿಕಟ್ಟೆಯ ಮೇಲೆ ಕೂತು ಏನೂ ಮಾಡುತ್ತಿಲ್ಲ. ನೀರು ಎಲ್ಲಿ ಅಂತ ಹುಡುಕಬೇಕು. ಚಿತ್ರದ ತಳದಲ್ಲಿ, ಚೌಕಟ್ಟಿಗೆ ಅಂಟಿಕೊಂಡು, ದಾರದಷ್ಟು ತೆಳುವಾದ ಒಂದು ನೀಲಿ ಗೆರೆ. ಇರುವೆ ಆ ಗೆರೆಯಿಂದ ಮೇಲಕ್ಕೆ ಹತ್ತುತ್ತಿತ್ತು.

ಅಜ್ಜಿ ಬೆರಳಿಟ್ಟು ತೋರಿಸುತ್ತಾ ಹೋದರು. "ಇದು ನಮ್ಮ ಮನೆ. ಇದು ಅಕ್ಕಸಾಲಿಗರದ್ದು. ಇಲ್ಲಿ ಹಟ್ಟಿ. ಇದು ಬಾವಿ, ಇದ್ರ ನೀರು ಬೇಸಿಗೇಲಿ ಸಪ್ಪೆ. ಇಲ್ನೋಡಿ, ಈ ಮರ."

ಹುಣಸೆಮರ. ಓಣಿಯ ಬಲಕ್ಕಿತ್ತು. ಎಡಗಡೆ ಮಣ್ಣಿನ ಬಣ್ಣದ ಕೆಳಗೆ ಇನ್ನೊಂದು ಮರದ ಆಕಾರ ಮಸುಕಾಗಿ ಕಾಣುತ್ತಿತ್ತು.

"ಮೇಷ್ಟ್ರು ಮೊದ್ಲು ಆ ಕಡೆ ಬರ್ದಿದ್ರು. ನಮ್ಮ ಮಾವ ಬೈದ್ರು. ಹುಣಸೆಮರ ಗೊತ್ತಿಲ್ದೋನು ಊರು ಬರೀತಾನಂತೆ ಅಂತ. ಪಾಪ, ಮಾರನೇ ದಿನ ಸೈಕಲ್ ತುಳ್ಕೊಂಡು ಬಂದು ಇಲ್ಲೇ ಕೂತು ಅಳಿಸಿ ಬರ್ದ್ರು. ಮಜ್ಜಿಗೆ ಕೊಟ್ಟೆ."

ನಾನು ಮುಖ ಹತ್ತಿರ ಒಯ್ದು ಆ ಹಳೇ ಮರವನ್ನೇ ನೋಡಿದೆ. ಮೇಲೆ ಬಳಿದ ಮಣ್ಣುಬಣ್ಣ 40 ವರ್ಷಕ್ಕೂ ಮೇಲಾಗಿ ಸಣ್ಣಗೆ ಬಿರುಕು ಬಿಟ್ಟಿತ್ತು. ಬಿರುಕುಗಳೊಳಗಿಂದ ಹಸಿರು ಇಣುಕುತ್ತಿತ್ತು.

ಬ್ಯಾಗಿನಲ್ಲಿ 15,000 ರೂಪಾಯಿಯ ಕವರ್ ಇತ್ತು. ಇದಕ್ಕೇ ಅಂತ ತಂದಿದ್ದೆ. ಹೇಗೆ ಕೇಳುವುದು ಅಂತ ಗೊತ್ತಾಗದೆ, ಇದನ್ನು ಚೆನ್ನಾಗಿ ಕಾಪಾಡಬೇಕು, ಗೆದ್ದಲು ಹಿಡಿದರೆ ಕಷ್ಟ ಅಂತ ಸುತ್ತಿಬಳಸಿ ಹೇಳಿದೆ. ಅಜ್ಜಿಗೆ ನಾನು ಎಲ್ಲಿಗೆ ಬರುತ್ತಿದ್ದೇನೆ ಅಂತ ತಿಳಿಯಿತು.

"ಇದು ಗೋಡೆಗೆ ಹಾಕೋ ಪಟ ಅಲ್ಲ ಕಣಪ್ಪ. ನಮ್ಮೂರ ಪಹಣಿ. ಮೊನ್ನೆ ಸಂಬಂಧ ನೋಡಕ್ಕೆ ಬಂದೋರು, ನಿಮ್ಮ ಮನೆ ಯಾವ್ ಕಡೆ ಇತ್ತು ಅಂದ್ರು. ಇದ್ನೇ ತೋರ್ಸಿದ್ದು."

ಕವರ್ ಬ್ಯಾಗಿನಲ್ಲೇ ಉಳಿಯಿತು. ಫೋಟೋ ತೆಗೆದೆ. ಎನಾಮಲ್ ಹೊಳಪಿಗೆ ಎಲ್ಲ ಕೋನದಲ್ಲೂ ನನ್ನದೇ ನೆರಳು, ಬಾಗಿಲ ಬೆಳಕು. ಕೊನೆಗೆ ಭಾವ ಹೊರಗಿನಿಂದ ಬಾಗಿಲಿಗೆ ಜಮಖಾನ ಅಡ್ಡ ಹಿಡಿದು ನಿಂತರು. ಮಗ ಬೆಂಗಳೂರಿನಲ್ಲಿದ್ದಾನೆ, ಅವನ ಮನೆಗೂ ಒಂದು ಪ್ರತಿ ಮಾಡಿಸಿಕೊಡು ಅಂತ ಅಜ್ಜಿ ಹೇಳಿದರು. ಮುದ್ದೆ ಊಟ ಹಾಕದೆ ಬಿಡಲಿಲ್ಲ. ಹುರುಳಿ ಸಾರಿಗೆ ಭಾವ ಎರಡು ಸಲ ಕೈಯೊಡ್ಡಿದರು.

ರಾತ್ರಿ ಹಾಸನದ ಲಾಡ್ಜಿನಲ್ಲಿ ನಿದ್ದೆ ಬರಲಿಲ್ಲ. ಮೇಷ್ಟ್ರು ಕ್ಲಾಸಿನಲ್ಲಿ ಹೇಳಿದ ಒಂದು ಕಥೆ ನೆನಪಾಯಿತು. ಬಂಗಾಳದಲ್ಲಿ ಚಿತ್ತಪ್ರಸಾದ್ ಭಟ್ಟಾಚಾರ್ಯ ಅಂತ ಒಬ್ಬರು. 1943ರ ಬರದಲ್ಲಿ ಮಿಡ್ನಾಪುರ ಜಿಲ್ಲೆಯನ್ನು ಕಾಲ್ನಡಿಗೆಯಲ್ಲಿ ಸುತ್ತಿ, ಹಸಿದವರ ಚಿತ್ರ ಬರೆದು, 'ಹಂಗ್ರಿ ಬೆಂಗಾಲ್' ಅಂತ ಪುಸ್ತಕ ಮಾಡಿದರು. ಬ್ರಿಟಿಷ್ ಸರ್ಕಾರ 5000 ಪ್ರತಿ ಹಿಡಿದು ನಾಶ ಮಾಡಿತು. ಮೇಷ್ಟ್ರು ಕಥೆಯನ್ನು ಅಲ್ಲಿಗೇ ನಿಲ್ಲಿಸಿ, "ಹೂಂ, ಈಗ ಹೂಜಿ ಬರೀರಿ" ಅನ್ನುತ್ತಿದ್ದರು. ಮುಂದಿನದು ಅವರಿಗೆ ಗೊತ್ತಾಗಲೇ ಇಲ್ಲ. ಒಂದು ಪ್ರತಿ ಚಿತ್ತಪ್ರಸಾದರ ಮನೆಯವರ ಬಳಿ ಉಳಿದಿತ್ತು, 2011ರಲ್ಲಿ ಅದನ್ನೇ ನೋಡಿ ಮತ್ತೆ ಅಚ್ಚು ಹಾಕಿದರು. ಅಷ್ಟರಲ್ಲಿ ಮೇಷ್ಟ್ರು ಇರಲಿಲ್ಲ.

ಮೂರನೇ ದಿನ: ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ

ಬೇಲೂರಿನಲ್ಲಿ ಕಾಫಿಗೆ ನಿಂತವರು ದೇವಸ್ಥಾನದೊಳಗೂ ಒಂದು ಗಂಟೆ ಕಳೆದೆವು. ಇಲ್ಲಿ ಶಿಲ್ಪಿಗಳು ಹೆಸರು ಕೆತ್ತಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಜೊತೆಗೆ ಬಿರುದುಗಳು ಬೇರೆ. 1117ರಲ್ಲಿ ರಾಜನ ದುಡ್ಡಿನಲ್ಲಿ ಕೆಲಸ ಮಾಡಿದವರು ಧೈರ್ಯವಾಗಿ ಸಹಿ ಹಾಕಿದರು, 1974ರಲ್ಲಿ ಸರ್ಕಾರದ ಸಂಬಳ ತಗೊಂಡವರು ಇರುವೆ ಬರೆದರು. ಹೀಗೆಂದೆ. "ಅವ್ರು ರಾಜನ್ನ ಬೈದು ಕೆತ್ತಿರಲಿಲ್ವಲ್ಲ" ಅಂದರು ಭಾವ. ಸರಿಯಾದ ಮಾತು.

ಮೂಡಿಗೆರೆ ದಾಟಿದರೆ ಬೇರೆಯೇ ಗಾಳಿ. ನಿನ್ನೆ ಅಣೆಕಟ್ಟಿನಲ್ಲಿ ಕಂಡ ಹೇಮಾವತಿ ಹುಟ್ಟುವುದು ಈ ತಾಲ್ಲೂಕಿನಲ್ಲೇ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನದೆ ಮುಂದೆ ಹೋಗುವುದು ಭಾವನ ಧರ್ಮಕ್ಕೆ ವಿರುದ್ಧ. ಆರಾರು ತಿಂದು, ಒಂದು ತೋಟದ ಕೂಲಿಯವರ ಲೈನ್ ಮನೆಗಳ ಕಡೆ ಇಳಿದೆವು. ರೋಬಸ್ಟಾ ಕೊಯ್ಲು ಮುಗಿಯುತ್ತ ಬಂದಿತ್ತು. ಕಣದಲ್ಲಿ ಕಾಫಿ ಹಣ್ಣು ಕಪ್ಪಾಗಿ ಒಣಗುತ್ತಿತ್ತು, ಹುಳಿ ವಾಸನೆ ರಸ್ತೆವರೆಗೂ.

ನಮಗೆ ಸುದ್ದಿ ಕೊಟ್ಟವರು ಹೇಳಿದ್ದು ಟ್ರಂಕು. ಟ್ರಂಕಿನ ಒಡತಿ ನಲವತ್ತು ದಾಟಿದ ಹೆಂಗಸು, ಕೆಲಸ ಮುಗಿಸಿ ಬಂದು ಆಗಷ್ಟೇ ಕೈಕಾಲು ತೊಳೆದಿದ್ದರು. ಅಮ್ಮನ ಕಾಲದ ತಗಡಿನ ಟ್ರಂಕು. ಮುಚ್ಚಳ ಎತ್ತಿದರೆ ಒಳಗೆಲ್ಲ ಹಳೇ ಪೇಪರ್ ಅಂಟಿಸಿದ್ದರು, ತುಕ್ಕು ಬಟ್ಟೆಗೆ ಹತ್ತಬಾರದು ಅಂತ. ಮುಚ್ಚಳದ ಮಧ್ಯದಲ್ಲೇ ಮೇಷ್ಟ್ರ ಚಿತ್ರ. ಸಂಜೆ ಹಣ್ಣು ತೂಕ ಹಾಕುವ ಹೊತ್ತು. ತಕ್ಕಡಿಯ ಒಂದು ಕಡೆ ಹೆಂಗಸಿನ ಮೂಟೆ. ಇನ್ನೊಂದು ಕಡೆ ತೂಕದ ಬಟ್ಟಿನ ಜೊತೆಗೆ ಮೇಸ್ತ್ರಿಯ ಎಕ್ಕಡದ ಕಾಲು. ಕೆಳಗೆ ಒಂದೇ ಮಾತು: 'ಇವತ್ತೂ ಕಮ್ಮಿ.'

"ಅಮ್ಮಂಗೆ ಓದಕ್ಕೆ ಬರ್ತಿರಲಿಲ್ಲ. ಈ ಹೆಂಗ್ಸು ನನ್ ಥರ ಅವ್ಳೆ ಅಂತ ಅಂಟಿಸ್ಕಂಡಿದ್ದು."

ಈ ಕಾರ್ಟೂನಿನ ಜೆರಾಕ್ಸ್ ಕೂಡ ನನ್ನ ಹತ್ತಿರ ಇರಲಿಲ್ಲ. ಆ ವಾರಪತ್ರಿಕೆಯ ಸಂಚಿಕೆಯೂ ಎಲ್ಲೂ ಸಿಕ್ಕಿರಲಿಲ್ಲ. ಕೇಳಿದ ತಕ್ಷಣ ಅವರು, "ಬಿಡಿಸ್ಕೊಳಕ್ಕೆ ಆದ್ರೆ ಬಿಡಿಸ್ಕೊಳ್ಳಿ" ಅಂದರು. ಮೈದಾ ಅಂಟಿನಿಂದ ಅಂಟಿಸಿದ ಪೇಪರು. ನಿಯಮ ನನಗೆ ಗೊತ್ತು. ಒದ್ದೆ ಬಟ್ಟೆ ಹಿಂಡಿ ಮೇಲಿಡಬೇಕು, ಅಂಟು ತಾನಾಗಿ ಮೆತ್ತಗಾಗುವ ತನಕ ಕಾಯಬೇಕು, ಎಳೆಯಬಾರದು. ಪತ್ರಿಕೆಯ ಕಾಗದ ಮರದ ತಿರುಳಿನದ್ದು, ವರ್ಷ ಕಳೆದಂತೆ ಹಪ್ಪಳದ ಹಾಗಾಗಿರುತ್ತೆ. ಇದೆಲ್ಲ ಬೇರೆಯವರಿಗೆ ಉಪದೇಶ ಮಾಡುವಾಗ ಚೆನ್ನಾಗಿ ಬರುತ್ತದೆ. ಅವತ್ತು ಕತ್ತಲಾಗುತ್ತಿತ್ತು, ಕರೆಂಟ್ ಹೋಯಿತು, ಘಾಟಿ ಕಡೆಯಿಂದ ಮಂಜು ಬರುತ್ತಿದೆ ಅಂತ ಭಾವ ಹಾರ್ನ್ ಹೊಡೆದರು. ಇನ್ನೂ ಹತ್ತು ನಿಮಿಷ ಕಾಯಬೇಕಿತ್ತು. ಮೂಲೆ ಎದ್ದಿದೆ ಅನ್ನಿಸಿ ಎಳೆದೆ.

ಹರಿಯಿತು. ಇರುವೆ ಇದ್ದ ಮೂಲೆಯೇ ನನ್ನ ಬೆರಳ ತುದಿಯಲ್ಲಿ.

ಏನು ಹೇಳಬೇಕೋ ತಿಳಿಯಲಿಲ್ಲ. ಅವರು ಟಾರ್ಚ್ ಬಿಟ್ಟು ನೋಡಿ, "ಇರುವೆ ತಾನೇ, ಹೋದ್ರೆ ಹೋಗ್ಲಿ ಬಿಡಿ, ಹೆಂಗ್ಸು ಚೆನ್ನಾಗವ್ಳಲ್ಲ" ಅಂದರು. ಒಳಗೆ ಹೋಗಿ ಪಾತ್ರೆಯಿಂದ ನಾಲ್ಕು ಅನ್ನದ ಅಗುಳು ತಂದರು. ಅವನ್ನು ಹಿಚುಕಿ, ಹರಿದ ಚೂರನ್ನು ಮೊದಲಿದ್ದ ಜಾಗದಲ್ಲೇ ಒತ್ತಿ ಅಂಟಿಸಿದೆ. ಒಂದು ಕಾಲು ಹೋಗಿ ಇರುವೆಗೆ ಈಗ ಐದೇ ಕಾಲು. ಬಿಡಿಸಿಕೊಳ್ಳುವ ಮಾತು ಮತ್ತೆ ಎತ್ತಲಿಲ್ಲ. ಟಾರ್ಚ್ ಬೆಳಕಿನಲ್ಲೇ ಫೋಟೋ ತೆಗೆದುಕೊಂಡೆ. ಓಮ್ನಿಯಲ್ಲಿ ಕೂತ ಮೇಲೆ ಭಾವ ಏನೂ ಕೇಳಲಿಲ್ಲ.

ನಾಲ್ಕನೇ ದಿನ: ಚಿಕ್ಕಮಗಳೂರು

ಪಟ್ಟಿಯಲ್ಲಿ ಉಳಿದಿದ್ದು ಒಂದೇ, ಐ.ಜಿ. ರಸ್ತೆಯಿಂದ ಒಳಗೆ ತಿರುಗಿದರೆ ಸಿಗುವ ಒಂದು ಕಟಿಂಗ್ ಶಾಪು. ಐ.ಜಿ. ಅಂದರೆ ಇಂದಿರಾ ಗಾಂಧಿ. ಚಿತ್ರಕ್ಕೂ ಅವರಿಗೂ ಸಂಬಂಧ ಇತ್ತು.

1978ರ ನವೆಂಬರ್. ಡಿ.ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಲೋಕಸಭಾ ಸೀಟಿಗೆ ಇಂದಿರಾ ಗಾಂಧಿ ನಿಂತರು, ಎದುರಿಗೆ ವೀರೇಂದ್ರ ಪಾಟೀಲರು. ದೇಶವೆಲ್ಲ ಚಿಕ್ಕಮಗಳೂರಿನ ಕಡೆ ತಿರುಗಿತ್ತು. 'ಏಕ್ ಶೇರ್ನಿ ಸೌ ಲಂಗೂರ್, ಚಿಕ್ಕಮಗಳೂರು ಚಿಕ್ಕಮಗಳೂರು' ಘೋಷಣೆ, ಅಂದರೆ ಒಂದು ಹೆಣ್ಣು ಸಿಂಹ, ನೂರು ಕೋತಿ ಅಂತ, ಈಗಲೂ ಹಳಬರ ಬಾಯಲ್ಲಿದೆ. ಅವರು 70 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು, ಮುಂದಿನ ತಿಂಗಳೇ ಲೋಕಸಭೆ ಅವರನ್ನು ಹೊರಗೆ ಹಾಕಿತು. ಮೇಷ್ಟ್ರು ಆಗ ಇಲ್ಲಿಗೆ ಬಸ್ಸು ಹತ್ತಿ ಬಂದು ಒಂದು ವಾರ ಇದ್ದರಂತೆ. ಉಳಿದುಕೊಂಡಿದ್ದು ಈ ಅಂಗಡಿಯ ಅಟ್ಟದಲ್ಲಿ. ಬಾಡಿಗೆಗೆ ಬದಲು ಕೊಟ್ಟದ್ದು ಈ ಚಿತ್ರ.

ಜಲವರ್ಣ, ಗಾಜು ಹಾಕಿಸಿದ್ದು. ತೋಟದ ಮಣ್ಣು ರಸ್ತೆಯಲ್ಲಿ ಅಂಬಾಸಿಡರ್ ಕಾರುಗಳು ಒಂದರ ಹಿಂದೆ ಒಂದು, ಟೋಪಿಗಳು, ಬಾವುಟಗಳು, ಕೆಂಪು ಧೂಳು. ರಸ್ತೆ ಬದಿಗೆ ಸರಿದು ನಿಂತ ಇಬ್ಬರು ಕೂಲಿ ಹೆಂಗಸರು, ಸೊಂಟಕ್ಕೆ ಬುಟ್ಟಿ. ಒಬ್ಬಳು ಇನ್ನೊಬ್ಬಳನ್ನು ಕೇಳುತ್ತಾಳೆ: 'ಇವರೆಲ್ಲ ಯಾವ ತೋಟದ ಕೊಯ್ಲಿಗೆ ಬಂದೋರೇ?' ನವೆಂಬರ್ ಅಂದರೆ ಅರೇಬಿಕಾ ಹಣ್ಣಾಗುವ ಕಾಲ. ಆ ಒಂದು ಪ್ರಶ್ನೆಯಲ್ಲಿ ಇಡೀ ಚುನಾವಣೆ ಇದೆ.

ಅಂಗಡಿಯವರು ಮಾರಲು ಒಲ್ಲೆ ಅನ್ನಲಿಲ್ಲ. ತೊಂದರೆ ಬೇರೆ ಇತ್ತು. "ಗೋಡೆ ಖಾಲಿ ಬಿಡಕ್ಕಾಗಲ್ಲ ಸಾರ್. ಕಟಿಂಗ್‌ಗೆ ಕೂತೋರು ಅರ್ಧ ಗಂಟೆ ಏನ್ ನೋಡ್ತಾರೆ? ಆದ್ರೆ ಒಂದ್ ಮಾತು, ಇದು ಕನ್ನಡಿ ಎದುರಿನ ಗೋಡೇಲಿದೆ. ನಮ್ಮ ಅಪ್ಪನ ಕಾಲದಿಂದ ಗಿರಾಕಿಗಳು ಬರಹ ಉಲ್ಟಾನೇ ನೋಡ್ತಿದಾರೆ. ಒಬ್ರೂ ಓದಿಲ್ಲ."

ನನಗೆ ಹೊಳೆದದ್ದಲ್ಲ, ಭಾವನಿಗೆ ಹೊಳೆದದ್ದು. ಎದ್ದು ಹೋಗಿ ಓಮ್ನಿಯಿಂದ ಪೇಪರ್ ಸುತ್ತಿದ ಗಂಟು ತಂದರು. ಫಾರಂ ನಂ. 7ರ ಬ್ಲಾಕ್. ಮೊನ್ನೆಯ ಶಾಯಿ ಸರಿಯಾಗಿ ಒರೆಸಿರಲಿಲ್ಲ, ಉಬ್ಬಿದ ಗೆರೆಗಳೆಲ್ಲ ಕಪ್ಪಾಗಿ ಒಣಗಿದ್ದವು. ಅದನ್ನು ಗೋಡೆಗೆ ಹಿಡಿದು, "ಕನ್ನಡೀಲಿ ನೋಡಿ" ಅಂದರು.

ಚಿಕ್ಕದು, ಬೆಂಕಿಪೊಟ್ಟಣದಷ್ಟು. ಆದರೆ ಅಕ್ಷರ ನೆಟ್ಟಗಾಗಿದ್ದವು.

ನನಗೆ ಕೊಡಲು ಮನಸ್ಸಿರಲಿಲ್ಲ. ಜಲವರ್ಣ ಜಗತ್ತಿಗೆ ಒಂದೇ, ನಿಜ. ಆದರೆ ಬ್ಲಾಕ್ ಇದ್ದರೆ ಸಾವಿರ ಅಚ್ಚು ತೆಗೆಯಬಹುದು. ಒಂದು ಕೊಟ್ಟು ಒಂದು ತಗೊಂಡರೆ ಯಾವುದು ಲಾಭ ಅಂತ ಬ್ಯಾಂಕ್ ಗುಮಾಸ್ತನ ಹಾಗೆ ಲೆಕ್ಕ ಹಾಕುತ್ತ ನಿಂತೆ. ಅಷ್ಟರಲ್ಲಿ ಅಂಗಡಿಯವರು ಭಾವನ ಕೈಯಿಂದ ಬ್ಲಾಕ್ ತಗೊಂಡು, ಕುರ್ಚಿಯ ಹಿಂದೆ, ಗಿರಾಕಿಯ ತಲೆಯ ಎತ್ತರಕ್ಕೆ ಹಿಡಿದರು.

ಕುರ್ಚಿಯಲ್ಲಿ ಕೂತಿದ್ದವರಿಗೆ ಅರವತ್ತರ ಮೇಲೆ. ಒಂದು ಕೆನ್ನೆ ಬೋಳಿಸಿ ಆಗಿತ್ತು, ಇನ್ನೊಂದು ಕೆನ್ನೆಯ ಮೇಲೆ ನೊರೆ. ಕನ್ನಡಿಯ ಕಡೆ ಬಗ್ಗಿ, ಕಣ್ಣು ಕಿರಿದು ಮಾಡಿ, ಒಂದೊಂದೇ ಅಕ್ಷರ ಕೂಡಿಸಿ ಜೋರಾಗಿ ಓದಿದರು: "ಗದ್ದೆಯಾ... ಕಣ್ಣು ತೋರಿಸ್ಕೊ... ಇದು ನಮ್ಮಜ್ಜನ ಕಾಲದ ಕಾಫಿ ತೋಟ." ಒಂದು ಗಳಿಗೆ ಸುಮ್ಮನಾದರು. ಆಮೇಲೆ ಹೆಗಲು ಕುಣಿಯುವ ಹಾಗೆ ನಗತೊಡಗಿದರು. "ಅಯ್ಯೋ, ನಮ್ಮಪ್ಪನ ಫಾರಮ್ಮು ಕಣಯ್ಯ ಇದು! ಯಾರು ಬರ್ದಿದ್ದು?"

"ಅಲ್ಲಾಡ್ಬೇಡಿ ಯಜಮಾನ್ರೆ, ಕತ್ತಿ ತಗಲುತ್ತೆ" ಅಂದರು ಅಂಗಡಿಯವರು, ಒಂದು ಕೈಯಲ್ಲಿ ಬ್ಲಾಕ್ ಹಿಡಿದೇ.